ಯುನೈಟೆಡ್‌ಗೆ ಮುಂದೆ ಯಾರು? ಗೆಳೆಯನಿಗೊಂದು ಪತ್ರ

29 ಅಕ್ಟೋಬರ್ 2024

ಪ್ರಿಯ ಗೆಳೆಯಾ,

ಮ್ಯಾನೇಜರ್ ಎರಿಕ್ ಟೆನ್ ಹಾಗ್ ಅವರನ್ನು ನಮ್ಮ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಕೈಬಿಟ್ಟಿದೆ ಎಂಬ ಸುದ್ದಿ ನಿನ್ನೆ ಬಂದ ಗಳಿಗೆಯಿಂದ ನೀನು ಒಂದೇ ಹೆಸರನ್ನು ಜಪಿಸುತ್ತಿದ್ದೀಯ. ರೂಡ್ ವಾನ್ ನಿಸ್ಟಲ್‌ರಾಯ್ ನಮ್ಮವರು, ನಮ್ಮ ಕೆಂಪು ಅಂಗಿ ತೊಟ್ಟು 219 ಪಂದ್ಯಗಳಲ್ಲಿ 150 ಗೋಲು ಹೊಡೆದವರು, ಹಂಗಾಮಿಯಾಗಿ ಹೇಗೂ ಅವರನ್ನೇ ಕೂರಿಸಿದ್ದಾರೆ, ಹಾಗಿರುವಾಗ ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಊರೆಲ್ಲ ಅಲೆಯುವುದೇಕೆ ಎಂಬುದು ನಿನ್ನ ಪ್ರಶ್ನೆ. ನಮ್ಮ ಬಳಗದಲ್ಲಿ ಒಬ್ಬರು ಅಮೋರಿಮ್ ಎನ್ನುತ್ತಾರೆ, ಇನ್ನೊಬ್ಬರು ಜಿದಾನ್ ಎನ್ನುತ್ತಾರೆ, ಮತ್ತೊಬ್ಬರು ಸೌತ್‌ಗೇಟ್ ಹೆಸರು ಕೇಳಿದರೇ ಎದ್ದು ಹೋಗುತ್ತಾರೆ. ಫೋನಿನಲ್ಲಿ ಒಬ್ಬರ ಮಾತನ್ನು ಒಬ್ಬರು ಕತ್ತರಿಸುತ್ತಾ ಮಾತನಾಡಿದರೆ ಯಾರ ವಾದವೂ ಪೂರ್ತಿಯಾಗುವುದಿಲ್ಲ. ಆದ್ದರಿಂದ ನನ್ನ ಮನಸ್ಸಿನಲ್ಲಿರುವುದನ್ನು ಒಂದು ಕ್ರಮದಲ್ಲಿ ಬರೆದು ಕಳಿಸುತ್ತಿದ್ದೇನೆ.

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಬ್ರೆಂಟ್‌ಫರ್ಡ್‌ನ ಮ್ಯಾನೇಜರ್ ಥಾಮಸ್ ಫ್ರಾಂಕ್. ಈ ಹೆಸರು ನಿನಗೆ ಸಪ್ಪೆ ಎನಿಸುತ್ತದೆಂದು ಗೊತ್ತು. ಆದರೆ ಯಾರು ಬರಬೇಕು ಎಂದು ಕೇಳುವ ಮೊದಲು, ಬರುವವರು ಈಗಿರುವ ಆಟಗಾರರನ್ನು ಇಟ್ಟುಕೊಂಡು ಏನು ಮಾಡಬಲ್ಲರು ಎಂದು ಕೇಳಬೇಕೆಂಬುದು ನನ್ನ ಗಟ್ಟಿ ನಂಬಿಕೆ. ಕಳೆದ ಹನ್ನೊಂದು ವರ್ಷಗಳಲ್ಲಿ ನಮ್ಮ ಕ್ಲಬ್ ಆ ಪ್ರಶ್ನೆಯನ್ನು ಕೇಳಿದ ಗುರುತೇ ನನಗೆ ಕಾಣುವುದಿಲ್ಲ.

ಈಗ ನಾವು ಎಲ್ಲಿದ್ದೇವೆ ನೋಡು. ಲೀಗ್‌ನಲ್ಲಿ ಒಂಬತ್ತು ಪಂದ್ಯಗಳಿಂದ 11 ಅಂಕ, ಅಂಕಪಟ್ಟಿಯಲ್ಲಿ 14ನೇ ಸ್ಥಾನ. ಹೊಡೆದ ಗೋಲು ಎಂಟು, ಅದರಲ್ಲಿ ಮೂರು ಸೌತಾಂಪ್ಟನ್ ಒಂದರ ವಿರುದ್ಧವೇ ಬಂದವು. ಯುರೋಪಾ ಲೀಗ್‌ನಲ್ಲಿ ಟ್ವೆಂಟೆ, ಪೋರ್ಟೊ, ಫೆನೆರ್‌ಬಾಚೆ ಎಂಬ ಮೂರೂ ತಂಡಗಳೊಂದಿಗೆ ಡ್ರಾ. ಭಾನುವಾರ ವೆಸ್ಟ್ ಹ್ಯಾಮ್ ಎದುರು ನಮ್ಮ ಡಾಲೊ ಗೋಲ್‌ಕೀಪರನನ್ನೂ ದಾಟಿ, ಮುಂದೆ ಯಾರೂ ಇಲ್ಲದ ಗೋಲಿಗೆ ಗುರಿಯಿಟ್ಟು, ಚೆಂಡನ್ನು ಅಡ್ಡಪಟ್ಟಿಯ ಮೇಲಿಂದ ಕಳಿಸಿದರು. ಕೊನೆಯಲ್ಲಿ ವಿಎಆರ್ (ವಿಡಿಯೊ ನೋಡುವ ರೆಫರಿ) ಕರೆಯ ಮೇಲೆ ಅವರಿಗೆ ಸಿಕ್ಕ ಪೆನಾಲ್ಟಿಯನ್ನು ಬೋವೆನ್ ಗೋಲಾಗಿಸಿದರು. ಆ ಪೆನಾಲ್ಟಿ ಅನ್ಯಾಯ ಎಂದು ನೀನೂ ಹೇಳಿದೆ, ನಾನೂ ಒಪ್ಪುತ್ತೇನೆ. ಆದರೆ ನಮ್ಮ ರೋಗ ಆ ಪೆನಾಲ್ಟಿಯಲ್ಲೂ ಇಲ್ಲ, ಡಾಲೊ ಕಾಲಿನಲ್ಲೂ ಇಲ್ಲ.

ರೋಗ ಕಾಣಬೇಕಾದರೆ ಸೆಪ್ಟೆಂಬರ್ 29ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ನಡೆದ ಟಾಟನಮ್ ಪಂದ್ಯದ ಮೂರನೇ ನಿಮಿಷವನ್ನು ಇನ್ನೊಮ್ಮೆ ನೋಡು. ಅವರ ಡಿಫೆಂಡರ್ ಮಿಕಿ ವಾನ್ ಡೆ ವೆನ್ ತಮ್ಮ ಅರ್ಧದಲ್ಲಿ ಚೆಂಡು ಪಡೆದು ಓಡಲು ಶುರುಮಾಡುತ್ತಾರೆ. ನಮ್ಮ ಮುಂದಿನ ಸಾಲು ಆಗಲೇ ಎದುರಾಳಿಯ ಮೇಲೆ ಒತ್ತಡ ಹಾಕಲು ಮುಂದೆ ಹೋಗಿಬಿಟ್ಟಿದೆ, ಹಿಂದಿನ ಸಾಲು ಹಿಂದೆಯೇ ನಿಂತಿದೆ, ನಡುವೆ ಮೈದಾನದ ಅರ್ಧದಷ್ಟು ಜಾಗ ಖಾಲಿ ಬಿದ್ದಿದೆ. ಅಡ್ಡ ಬರುವವರಿಲ್ಲದ ಆ ದಾರಿಯಲ್ಲಿ ಅವರು ಎಡಬದಿಯ ಕೊನೆಯ ಗೆರೆಯವರೆಗೂ ಓಡಿ, ಗೋಲಿನ ಮುಂದಕ್ಕೆ ಚೆಂಡನ್ನು ಅಡ್ಡಲಾಗಿ ತಳ್ಳುತ್ತಾರೆ. ಆಚೆ ಕಂಬದ ಬಳಿ ಬ್ರೆನನ್ ಜಾನ್ಸನ್ ಕಾಲು ತಾಗಿಸುವುದಷ್ಟೇ ಬಾಕಿ. ಕಳೆದ ಋತುವಿನಲ್ಲೂ ಇದೇ ಕಂದಕದ ಮೂಲಕ ಎದುರಾಳಿಗಳು ನಡೆದುಬಂದರು. ಲೀಗ್‌ನಲ್ಲಿ ಎಂಟನೇ ಸ್ಥಾನಕ್ಕೆ ಇಳಿದು, 57 ಗೋಲು ಹೊಡೆದು 58 ಬಿಟ್ಟುಕೊಟ್ಟ ಋತು ಅದು. ಮೇ ತಿಂಗಳಲ್ಲಿ ಗಾರ್ನಾಚೊ, ಮೈನೂ ಹೊಡೆದ ಗೋಲುಗಳಿಂದ ಮ್ಯಾಂಚೆಸ್ಟರ್ ಸಿಟಿಯನ್ನು 2–1ರಲ್ಲಿ ಮಣಿಸಿ ಎಫ್‌ಎ ಕಪ್ ಎತ್ತಿದ ಸಂತೋಷದಲ್ಲಿ ಆ ಕಂದಕವನ್ನು ಮರೆತು ಟೆನ್ ಹಾಗ್ ಅವರ ಒಪ್ಪಂದವನ್ನು ವಿಸ್ತರಿಸಿದರು. ಒಂದು ಫೈನಲ್ ಪಂದ್ಯದ ಬೆಳಕಿನಲ್ಲಿ ಇಡೀ ವರ್ಷವನ್ನು ಓದಿದ್ದರ ಫಲ ಅದು.

ಇದು ಅವರೊಬ್ಬರ ಕಥೆಯಲ್ಲ. 2013ರಲ್ಲಿ ಸರ್ ಅಲೆಕ್ಸ್ ಫರ್ಗುಸನ್ ಲೀಗ್ ಗೆದ್ದು ನಿವೃತ್ತರಾದ ಮೇಲೆ ಬಂದವರನ್ನೆಲ್ಲ ನೆನೆಸಿಕೋ. ಡೇವಿಡ್ ಮೋಯ್ಸ್ ಆರು ವರ್ಷದ ಒಪ್ಪಂದದ ಮೇಲೆ ಬಂದು ಹತ್ತು ತಿಂಗಳು ತುಂಬುವ ಮೊದಲೇ ಹೋದರು. ಲೂಯಿ ವಾನ್ ಗಾಲ್ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ತಾಳ್ಮೆಯಿಂದ ಆಡಿಸುವವರು. ಅವರ ಕಾಲದಲ್ಲಿ ಸುಮಾರು 6 ಕೋಟಿ ಪೌಂಡ್ ಕೊಟ್ಟು ತಂದ ಡಿ ಮರಿಯಾ ಒಂದೇ ವರ್ಷಕ್ಕೆ ಪ್ಯಾರಿಸ್‌ಗೆ ಹೋದರು. ವಾನ್ ಗಾಲ್ 2016ರಲ್ಲಿ ಎಫ್‌ಎ ಕಪ್ ಗೆದ್ದ ಎರಡೇ ದಿನಕ್ಕೆ ಹೊರಬಿದ್ದರು. ಅವರ ಜಾಗಕ್ಕೆ ಬಂದ ಜೋಸೆ ಮೊರಿನ್ಯೊ ಅದಕ್ಕೆ ನೇರ ವಿರುದ್ಧ ಸ್ವಭಾವದವರು: ಕಾದು ಕೂತು, ಎದುರಾಳಿ ಎಡವಿದಾಗ ಹೊಡೆಯುವ ಆಟ, ಎತ್ತರದ ಗಟ್ಟಿ ಆಟಗಾರರು, 8.9 ಕೋಟಿ ಪೌಂಡಿನ ಪೋಗ್ಬಾ. ಬಳಿಕ ಬಂದ ಸೋಲ್ಶಾರ್ ಅವರಿಗೆ ವೇಗದ ಹುಡುಗರು ಬೇಕು, ಹಂಗಾಮಿಯಾಗಿ ಬಂದ ರಾಂಗ್ನಿಕ್ ಅವರಿಗೆ ಓಡಿ ಒತ್ತಡ ಹಾಕುವವರು ಬೇಕು, ಟೆನ್ ಹಾಗ್ ಅವರಿಗೆ ಹಿಂದಿನ ಕ್ಲಬ್ ಅಯಾಕ್ಸ್‌ನಲ್ಲಿ ತಮ್ಮ ಕೈಕೆಳಗೆ ಪಳಗಿದವರೇ ಬೇಕು. ಆಂಟನಿ, ಮಾರ್ಟಿನೆಜ್, ಒನಾನಾ, ಡಿ ಲಿಖ್ತ್, ಮಜ್ರಾವಿ, ಐವರೂ ಅಲ್ಲಿ ಅವರ ಬಳಿ ಆಡಿದವರು. ಆಂಟನಿ ಒಬ್ಬರಿಗೇ 8 ಕೋಟಿ ಪೌಂಡಿಗಿಂತ ಹೆಚ್ಚು ಸುರಿದರು. ಹೀಗೆ ಒಬ್ಬರ ರುಚಿಗೆ ಕೊಂಡ ಆಟಗಾರರು ಇನ್ನೊಬ್ಬರಿಗೆ ಹೊರೆಯಾಗುತ್ತಾರೆ, ಅವರನ್ನು ಕಡಿಮೆ ಬೆಲೆಗೆ ಸಾಗಹಾಕಿ ಹೊಸಬರನ್ನು ತರುವಷ್ಟರಲ್ಲಿ ಆ ಮ್ಯಾನೇಜರ್ ಕೂಡ ಬಾಗಿಲ ಬಳಿ ಬಂದಿರುತ್ತಾರೆ. ಈಗ ನಮ್ಮ ತಂಡದಲ್ಲಿ ನಾಲ್ಕು ಮ್ಯಾನೇಜರುಗಳ ಕಾಲದ ಖರೀದಿಗಳು ಒಟ್ಟಿಗೆ ಇವೆ. ಮೊನ್ನೆಯ ಬೇಸಿಗೆಯಲ್ಲೂ ಸುಮಾರು 20 ಕೋಟಿ ಪೌಂಡ್ ಖರ್ಚಾಗಿದೆ.

ಈ ಸರಪಳಿಯನ್ನು ಮುರಿಯುವ ಅವಕಾಶ ಮೊದಲ ಬಾರಿಗೆ ಸಿಕ್ಕಿದೆ ಎಂಬುದು ನನ್ನ ಆಸೆಗೆ ಕಾರಣ. ಫೆಬ್ರವರಿಯಲ್ಲಿ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಕ್ಲಬ್ಬಿನ ಶೇ 27.7ರಷ್ಟು ಪಾಲು ಕೊಂಡು ಆಟದ ವ್ಯವಹಾರವನ್ನು ಕೈಗೆ ತೆಗೆದುಕೊಂಡ ಮೇಲೆ, ಒಮರ್ ಬೆರಾಡಾ ಮುಖ್ಯ ಕಾರ್ಯನಿರ್ವಾಹಕರಾಗಿ ಬಂದಿದ್ದಾರೆ, ಡ್ಯಾನ್ ಆಶ್‌ವರ್ತ್ ಕ್ರೀಡಾ ನಿರ್ದೇಶಕರಾಗಿದ್ದಾರೆ, ಜೇಸನ್ ವಿಲ್ಕಾಕ್ಸ್ ತಾಂತ್ರಿಕ ವಿಭಾಗ ನೋಡಿಕೊಳ್ಳುತ್ತಾರೆ. ಆಟಗಾರರನ್ನು ಆರಿಸುವುದು ಇನ್ನು ಇವರ ಕೆಲಸ. ಕೋಚ್ ಕೆಲಸ, ಕೊಟ್ಟವರನ್ನು ಆಡಿಸುವುದು. ಈ ವ್ಯವಸ್ಥೆಯಲ್ಲಿ ಮುನಿಸಿಕೊಳ್ಳದೆ ದುಡಿಯಬಲ್ಲವರು ಯಾರು ಎಂದು ನೋಡಿದಾಗಲೇ ಪಟ್ಟಿಯ ಅರ್ಧ ಹೆಸರುಗಳು ಉದುರುತ್ತವೆ.

ಈಗ ನಿನ್ನ ರೂಡ್ ವಿಷಯಕ್ಕೆ ಬರೋಣ. ಅವರ ಮೇಲೆ ನಿನಗಿರುವಷ್ಟೇ ಪ್ರೀತಿ ನನಗೂ ಇದೆ. 2003ರಲ್ಲಿ ಫುಲಮ್ ವಿರುದ್ಧ ತಮ್ಮ ಅರ್ಧದಿಂದ ಚೆಂಡು ಹಿಡಿದು ಹೊರಟು ಒಬ್ಬೊಬ್ಬರನ್ನೇ ದಾಟಿ ಹೊಡೆದ ಆ ಗೋಲನ್ನು ಇಂದಿಗೂ ಹುಡುಕಿಕೊಂಡು ನೋಡುತ್ತೇನೆ. ಆದರೆ ಹಿರಿಯರ ತಂಡದ ಮ್ಯಾನೇಜರ್ ಆಗಿ ಅವರ ಅನುಭವ ಡಚ್ ಕ್ಲಬ್ ಪಿಎಸ್‌ವಿಯಲ್ಲಿ ಕಳೆದ ಒಂದು ಋತು ಮಾತ್ರ. ಡಚ್ ಕಪ್ ಗೆದ್ದರು ನಿಜ, ಕೊನೆಯ ಲೀಗ್ ಪಂದ್ಯಕ್ಕೆ ಮೊದಲೇ ರಾಜೀನಾಮೆ ಕೊಟ್ಟದ್ದೂ ನಿಜ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು 2018–19ರ ನೆನಪು. ಮೊರಿನ್ಯೊ ಹೋದ ಮೇಲೆ ಹಂಗಾಮಿಯಾಗಿ ಬಂದ ಸೋಲ್ಶಾರ್ ಮೊದಲ ಎಂಟು ಪಂದ್ಯಗಳನ್ನೂ ಗೆದ್ದರು. ಮಾರ್ಚ್ 6ರಂದು ಚಾಂಪಿಯನ್ಸ್ ಲೀಗ್ ಪಂದ್ಯಕ್ಕೆ ಪ್ಯಾರಿಸ್‌ನಲ್ಲಿ, ತವರಿನಲ್ಲಿ 0–2ರಿಂದ ಸೋತು ಹೋಗಿದ್ದ ತಂಡ, ಕೊನೆಯ ಕ್ಷಣದಲ್ಲಿ ರ‍್ಯಾಶ್‌ಫರ್ಡ್ ಹೊಡೆದ ಪೆನಾಲ್ಟಿಯಿಂದ 3–1ರಲ್ಲಿ ಗೆದ್ದು, ಎದುರಾಳಿಯ ನೆಲದಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ಮುಂದಿನ ಸುತ್ತಿಗೆ ಹೋಯಿತು. ಆ ರಾತ್ರಿ ನಮ್ಮಲ್ಲಿ ಯಾರಾದರೂ ಖಾಯಂ ಒಪ್ಪಂದಕ್ಕೆ ಬೇಡ ಎಂದಿದ್ದೆವೇ? ಮಾರ್ಚ್ 28ಕ್ಕೆ ಖಾಯಂ ಮಾಡಿದರು. ಅದಾದ ಮೇಲೆ ಎವರ್ಟನ್‌ನಲ್ಲಿ 4–0 ಸೋಲು, ಆಗಲೇ ಕೆಳ ದರ್ಜೆಗೆ ಇಳಿದಿದ್ದ ಹಡರ್ಸ್‌ಫೀಲ್ಡ್ ಜೊತೆ ಡ್ರಾ, ಇಳಿದೇಹೋಗಿದ್ದ ಕಾರ್ಡಿಫ್ ವಿರುದ್ಧ ತವರಿನಲ್ಲೇ 2–0 ಸೋಲು. ಮುಂದೆ ಸೋಲ್ಶಾರ್ ತಂಡವನ್ನು ಮೂರನೇ ಸ್ಥಾನಕ್ಕೂ ಎರಡನೇ ಸ್ಥಾನಕ್ಕೂ ಒಯ್ದರು, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೂ ಆಯ್ಕೆ ನಡೆದ ರೀತಿ ಸರಿಯಿರಲಿಲ್ಲ: ಕ್ಲಬ್ ಬೇರೆ ಯಾರನ್ನೂ ಸರಿಯಾಗಿ ತೂಗಿ ನೋಡಲಿಲ್ಲ, ಗೆಲುವಿನ ಅಲೆಯೇ ತೀರ್ಮಾನ ಮಾಡಿತು.

ಹಂಗಾಮಿ ಮ್ಯಾನೇಜರ್ ಬಂದಾಗ ಆಟ ಚಿಗುರುವುದಕ್ಕೆ ಸರಳ ಕಾರಣಗಳಿವೆ. ಮೂಲೆಗೆ ಬಿದ್ದಿದ್ದ ಆಟಗಾರನಿಗೆ ಹೊಸ ಅವಕಾಶ ಕಾಣುತ್ತದೆ, ಹಿಂದಿನವರ ಕಟ್ಟುಪಾಡು ಸಡಿಲವಾಗುತ್ತದೆ, ಅಭಿಮಾನಿಗಳ ಸಿಟ್ಟು ಇಳಿದು ಮೈದಾನ ಮತ್ತೆ ಹಾಡುತ್ತದೆ. ಇದು ಎಲ್ಲ ಕ್ಲಬ್‌ಗಳಲ್ಲೂ ನಡೆಯುವುದೇ. ಎದುರಾಳಿಗಳು ಹೊಸ ಆಟವನ್ನು ಓದಿಕೊಂಡು ಬಂದಾಗ, ಮೂರನೇ ಸೋಲಿನ ನಂತರದ ಅಭ್ಯಾಸದ ದಿನ ಏನು ಮಾಡುತ್ತಾರೆ ಎಂಬುದರಲ್ಲಿ ಕೋಚ್‌ನ ಶಕ್ತಿ ತಿಳಿಯುವುದು. ನಾಳೆ ಲೀಗ್ ಕಪ್‌ನಲ್ಲಿ ಲೆಸ್ಟರ್ ವಿರುದ್ಧ ರೂಡ್ ದೊಡ್ಡ ಅಂತರದಿಂದ ಗೆದ್ದರೂ ನನ್ನ ಈ ಮಾತು ಬದಲಾಗುವುದಿಲ್ಲ.

ರೂಬೆನ್ ಅಮೋರಿಮ್ ಅವರದು ಬೇರೆಯೇ ತೂಕ. 39 ವರ್ಷದ ಈ ಮನುಷ್ಯ 19 ವರ್ಷ ಲೀಗ್ ಪ್ರಶಸ್ತಿ ಕಾಣದಿದ್ದ ಪೋರ್ಚುಗಲ್‌ನ ಸ್ಪೋರ್ಟಿಂಗ್‌ಗೆ 2021ರಲ್ಲಿ ಪ್ರಶಸ್ತಿ ತಂದುಕೊಟ್ಟರು, ಈ ವರ್ಷ ಮತ್ತೊಮ್ಮೆ ಗೆದ್ದರು, ಈ ಋತುವಿನಲ್ಲಿ ಅವರ ತಂಡ ಲೀಗ್‌ನ ಒಂಬತ್ತು ಪಂದ್ಯಗಳಲ್ಲಿ ಒಂಬತ್ತನ್ನೂ ಗೆದ್ದಿದೆ. ಮಾತುಕತೆ ಆಗಲೇ ದೂರ ಸಾಗಿದೆ ಎಂಬ ಸುದ್ದಿಯೂ ಇದೆ. ಈ ಪತ್ರ ನೀನು ಓದುವ ಹೊತ್ತಿಗೆ ಅವರ ಹೆಸರೇ ಘೋಷಣೆಯಾಗಿರಬಹುದು. ಅವರ ಸಾಮರ್ಥ್ಯದ ಬಗ್ಗೆ ನನಗೆ ಅನುಮಾನವಿಲ್ಲ. ನನ್ನ ಚಿಂತೆ 3-4-3 ಎಂಬ ಅವರ ಪದ್ಧತಿಯದು. ಆ ಆಟದಲ್ಲಿ ಹಿಂದೆ ಮೂವರು ಡಿಫೆಂಡರ್‌ಗಳು. ಅದಕ್ಕೆ ನಮ್ಮಲ್ಲಿ ಬರವಿಲ್ಲ. ಆದರೆ ಅದರ ಉಸಿರು ಇರುವುದು ಎರಡೂ ಬದಿಯ ವಿಂಗ್‌ಬ್ಯಾಕ್‌ಗಳಲ್ಲಿ. ತೊಂಬತ್ತು ನಿಮಿಷವೂ ಮೈದಾನದ ಈ ತುದಿಯಿಂದ ಆ ತುದಿಗೆ ಓಡಿ, ಮುಂದೆ ಹೋದಾಗ ವಿಂಗರ್, ಹಿಂದೆ ಬಂದಾಗ ಡಿಫೆಂಡರ್ ಆಗಬಲ್ಲವರು ಬೇಕು. ನಮ್ಮ ಎಡಬದಿಯಲ್ಲಿ ಲ್ಯೂಕ್ ಶಾ, ಮಲಾಸಿಯಾ ಇಬ್ಬರೂ ಗಾಯದಿಂದ ಹೊರಗಿದ್ದಾರೆ. ಬಲಗಾಲಿನ ಡಾಲೊ ಎಡಗಡೆ ಹೇಗೋ ನಿಭಾಯಿಸುತ್ತಿದ್ದಾರೆ. ಗಾರ್ನಾಚೊ, ರ‍್ಯಾಶ್‌ಫರ್ಡ್, ಅಮಾದ್ ಮೂವರೂ ಬದಿಯ ಗೆರೆಗೆ ಅಂಟಿಕೊಂಡು ಜಾಗ ಹುಡುಕುವವರು, ಆ ಪದ್ಧತಿಯಲ್ಲಿ ಅವರು ಒಳಗೆ ಸರಿದು ಇಕ್ಕಟ್ಟಿನಲ್ಲಿ ಆಡಬೇಕು. ನಡುವೆ ಇಬ್ಬರೇ ಉಳಿಯುತ್ತಾರೆ, ಆ ಇಬ್ಬರಲ್ಲಿ ಒಬ್ಬರು 32 ವರ್ಷದ ಕ್ಯಾಸೆಮಿರೊ ಆದರೆ ಟಾಟನಮ್ ನಡೆದುಬಂದ ದಾರಿ ಮತ್ತೆ ತೆರೆದುಕೊಳ್ಳುತ್ತದೆ. ಋತುವಿನ ನಡುವೆ ಅಭ್ಯಾಸಕ್ಕೆ ಸಮಯವಿಲ್ಲ, ವಾರಕ್ಕೆರಡು ಪಂದ್ಯಗಳಿವೆ. ಅವರು ಬಂದರೆ ಮನಸಾರೆ ಬೆಂಬಲಿಸುತ್ತೇನೆ, ಆದರೆ ಮತ್ತೊಮ್ಮೆ ಹೊಸ ಖರೀದಿಗಳ ಪಟ್ಟಿ ಶುರುವಾಗುತ್ತದಲ್ಲ ಎಂಬ ಅಳುಕು ಇದ್ದೇ ಇರುತ್ತದೆ.

ಉಳಿದವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಟುಖೆಲ್ ಇಂಗ್ಲೆಂಡ್ ತಂಡಕ್ಕೆ ಒಪ್ಪಿಕೊಂಡಾಗಿದೆ. ಜಿದಾನ್ ಮೂರು ಸಲ ಸತತವಾಗಿ ಚಾಂಪಿಯನ್ಸ್ ಲೀಗ್ ಗೆದ್ದದ್ದು ಬಹಳ ಸಿದ್ಧವಾಗಿದ್ದ ರಿಯಲ್ ಮ್ಯಾಡ್ರಿಡ್ ಜೊತೆ. ಮುರಿದದ್ದನ್ನು ಕಟ್ಟುವ ಕೆಲಸವನ್ನು ಅವರು ಮಾಡಿ ತೋರಿಸಿಲ್ಲ. ಸೌತ್‌ಗೇಟ್ ಇಂಗ್ಲೆಂಡನ್ನು ಎರಡು ಯುರೋ ಫೈನಲ್ ತಲುಪಿಸಿದ ಸಜ್ಜನ, ಆದರೆ ಕ್ಲಬ್‌ನ ದಿನನಿತ್ಯದ ಕೆಲಸ ಬಿಟ್ಟು ಹದಿನೈದು ವರ್ಷವಾಗಿದೆ.

ಇನ್ನು ಫ್ರಾಂಕ್. 2018ರ ಅಕ್ಟೋಬರ್‌ನಲ್ಲಿ ಅವರು ಬ್ರೆಂಟ್‌ಫರ್ಡ್‌ನ ಹೊಣೆ ಹೊತ್ತಾಗ ಕ್ಲಬ್ ಎರಡನೇ ದರ್ಜೆಯಲ್ಲಿತ್ತು. ಮೊದಲ ಹತ್ತು ಪಂದ್ಯಗಳಲ್ಲಿ ಎಂಟನ್ನು ಸೋತರು. ಬೇರೆ ಕಡೆಯಾಗಿದ್ದರೆ ಅಲ್ಲಿಗೇ ಮನೆಗೆ ಕಳಿಸುತ್ತಿದ್ದರು. ಬ್ರೆಂಟ್‌ಫರ್ಡ್ ಫಲಿತಾಂಶದ ಹಿಂದಿನ ಆಟವನ್ನು ನೋಡಿ ಉಳಿಸಿಕೊಂಡಿತು. 2020ರಲ್ಲಿ ಮೇಲಿನ ದರ್ಜೆಗೆ ಏರುವ ಪ್ಲೇಆಫ್ ಫೈನಲ್‌ನಲ್ಲಿ ಫುಲಮ್ ಎದುರು ಸೋತರು, ಮರುವರ್ಷ ಸ್ವಾನ್ಸಿಯನ್ನು ಸೋಲಿಸಿ, 1947ರ ನಂತರ ಮೊದಲ ಬಾರಿಗೆ ಆ ಕ್ಲಬ್ಬನ್ನು ಮೇಲಿನ ದರ್ಜೆಗೆ ತಂದರು. ನಡುವೆ ಆದದ್ದನ್ನು ಗಮನಿಸು. ಬೆನ್ರಾಹ್ಮಾ, ಎಂಬೂಮೊ, ವಾಟ್ಕಿನ್ಸ್ ಎಂಬ ಮೂವರು ಮುಂದಿನ ಸಾಲಿನ ಆಟಗಾರರಲ್ಲಿ ಇಬ್ಬರನ್ನು 2020ರಲ್ಲಿ ಕ್ಲಬ್ ಬಿಟ್ಟುಕೊಟ್ಟಿತು. ಫ್ರಾಂಕ್ ಗೊಣಗಲಿಲ್ಲ, ಹೊಸದಾಗಿ ಬಂದ ಐವಾನ್ ಟೋನಿಯ ಮೈಕಟ್ಟಿಗೆ ತಕ್ಕಂತೆ ಆಟವನ್ನೇ ಹೊಂದಿಸಿದರು. ಈ ವರ್ಷ ಟೋನಿಯನ್ನೂ ಮಾರಿದರು, ಹೊಣೆ ಎಂಬೂಮೊ ಹೆಗಲಿಗೆ ಬಂತು, ಗೋಲುಗಳು ನಿಲ್ಲಲಿಲ್ಲ. ಬಲಿಷ್ಠರ ವಿರುದ್ಧ ಹಿಂದೆ ಐವರು, ಸರಿಸಮರ ವಿರುದ್ಧ ನಾಲ್ವರು. ಪದ್ಧತಿ ಅವರಿಗೆ ವ್ರತವಲ್ಲ.

ಅಭ್ಯಾಸದ ಮೈದಾನದಲ್ಲಿ ಅವರು ಮಾಡುವ ಕೆಲಸ ಪಂದ್ಯದಲ್ಲಿ ಕಣ್ಣಿಗೆ ಕಾಣುತ್ತದೆ. ಸೆಪ್ಟೆಂಬರ್‌ನಲ್ಲಿ ಸಿಟಿ, ಟಾಟನಮ್, ವೆಸ್ಟ್ ಹ್ಯಾಮ್ ವಿರುದ್ಧ ಸತತ ಮೂರು ಲೀಗ್ ಪಂದ್ಯಗಳಲ್ಲಿ ಬ್ರೆಂಟ್‌ಫರ್ಡ್ ಮೊದಲ ನಿಮಿಷದಲ್ಲೇ ಗೋಲು ಹೊಡೆಯಿತು. ಪ್ರೀಮಿಯರ್ ಲೀಗ್‌ನಲ್ಲಿ ಇದನ್ನು ಹಿಂದೆ ಯಾವ ತಂಡವೂ ಮಾಡಿರಲಿಲ್ಲ. ಒಂದು ಸಲವಾದರೆ ಅದೃಷ್ಟ. ಮೂರು ಸಲ ಎಂದರೆ ಆಟ ಶುರುವಾದ ಕೂಡಲೇ ಯಾರು ಎಲ್ಲಿಗೆ ಓಡಬೇಕು, ಎದುರಾಳಿಗಳು ಮೈಬಿಸಿಯಾಗುವ ಮೊದಲೇ ಎಲ್ಲಿ ಒತ್ತಬೇಕು ಎಂದು ಕೂತು ಯೋಚಿಸಿದ ತಲೆ ಅದರ ಹಿಂದಿದೆ. ಆ ಮೂರರಲ್ಲಿ ಒಂದನ್ನೂ ಅವರು ಗೆಲ್ಲಲಿಲ್ಲ, ಹತ್ತು ದಿನದ ಹಿಂದೆ ಓಲ್ಡ್ ಟ್ರಾಫರ್ಡ್‌ನಲ್ಲಿ ನಮ್ಮ ಕೈಯಲ್ಲೂ 2–1ರಿಂದ ಸೋತರು ಎಂದು ನೀನು ಹೇಳುತ್ತೀಯ. ನಿಜ. ಅವರ ಆಟಗಾರರ ಸಂಬಳವನ್ನೂ ನಮ್ಮವರ ಸಂಬಳವನ್ನೂ ಪಕ್ಕದಲ್ಲಿಟ್ಟು ನೋಡಿದ ಮೇಲೆ ಆ ಸೋಲುಗಳನ್ನು ತೂಗು. ಯುರೋ ಪಂದ್ಯದಲ್ಲಿ ಹೃದಯ ನಿಂತು ಕುಸಿದಿದ್ದ ಕ್ರಿಶ್ಚಿಯನ್ ಎರಿಕ್ಸನ್ ಅವರನ್ನು 2022ರಲ್ಲಿ ಮತ್ತೆ ಮೈದಾನಕ್ಕೆ ಇಳಿಸಿದ್ದೂ ಈ ಫ್ರಾಂಕ್ ಅವರ ತಂಡವೇ, ಆ ಎರಿಕ್ಸನ್ ಈಗ ನಮ್ಮಲ್ಲಿದ್ದಾರೆ. ಆಟಗಾರನ ಮನಸ್ಸನ್ನು ಓದುವ ಗುಣ ಅವರಿಗಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ವೃತ್ತಿಪರನಾಗಿ ಆಡದವರ ಮಾತನ್ನು ಓಲ್ಡ್ ಟ್ರಾಫರ್ಡ್‌ನ ತಾರೆಗಳು ಕೇಳುತ್ತಾರೆಯೇ ಎಂಬುದು ನಿನ್ನ ಮುಖ್ಯ ಆಕ್ಷೇಪ. ಶಂಖದಿಂದ ಬಿದ್ದರೇ ತೀರ್ಥ ಎಂಬ ಈ ನಂಬಿಕೆ ಹಳೆಯದು. 1996ರಲ್ಲಿ ಜಪಾನಿನ ನಗೋಯಾದಿಂದ ವೆಂಗರ್ ಆರ್ಸೆನಲ್‌ಗೆ ಮ್ಯಾನೇಜರ್ ಆಗಿ ಬಂದಾಗ ಇಂಗ್ಲೆಂಡಿನ ಪತ್ರಿಕೆಗಳು ಇವರು ಯಾರೆಂದು ಕೇಳಿದ್ದವು. 1998ರಲ್ಲಿ ಆರ್ಸೆನಲ್ ಲೀಗನ್ನೂ ಎಫ್‌ಎ ಕಪ್ಪನ್ನೂ ಒಟ್ಟಿಗೆ ಗೆದ್ದಿತು. ದೊಡ್ಡ ಶಂಖಗಳನ್ನು ನಾವು ತಂದು ನೋಡಿಯೂ ಆಗಿದೆ: ವಾನ್ ಗಾಲ್, ಮೊರಿನ್ಯೊ ಇಬ್ಬರೂ ಚಾಂಪಿಯನ್ಸ್ ಲೀಗ್ ಗೆದ್ದವರೇ. ಆಟಗಾರರು ಕೋಚ್‌ನ ಮಾತು ಕೇಳುವುದು, ಆತ ಹೇಳಿದಂತೆ ಆಡಿದಾಗ ಶನಿವಾರದ ಪಂದ್ಯದಲ್ಲಿ ಕೆಲಸ ಸುಲಭವಾದರೆ. ಉನಾಯ್ ಎಮೆರಿಯನ್ನೇ ನೋಡು. 2019ರಲ್ಲಿ ಆರ್ಸೆನಲ್ ಅವರನ್ನು ಕೈಬಿಟ್ಟಿತು, ಅವರ ಉಚ್ಚಾರವನ್ನು ಹಿಡಿದು ಆಡಿಕೊಂಡವರೂ ಇದ್ದರು. ಅದೇ ಮನುಷ್ಯ 2022ರಲ್ಲಿ ಕೆಳದರ್ಜೆಯ ಅಂಚಿನಲ್ಲಿದ್ದ ಆಸ್ಟನ್ ವಿಲ್ಲಾಕ್ಕೆ ಬಂದು ಆ ಋತುವನ್ನು ಏಳನೇ ಸ್ಥಾನದಲ್ಲಿ, ಮುಂದಿನದನ್ನು ನಾಲ್ಕನೇ ಸ್ಥಾನದಲ್ಲಿ ಮುಗಿಸಿದರು, ಈ ತಿಂಗಳ ಆರಂಭದಲ್ಲಿ ಬಯರ್ನ್ ಮ್ಯೂನಿಕ್ ತಂಡವನ್ನು ಸೋಲಿಸಿದರು. ತಂಡಕ್ಕೆ ಹೊಂದುವವರು ಸಿಕ್ಕಾಗ ಆಗುವುದು ಇದು.

ಫರ್ಗುಸನ್ ಅವರಿಗೆ ಕೊಟ್ಟ ಹಾಗೆ ಸಮಯ ಕೊಟ್ಟರೆ ರೂಡ್ ಕೂಡ ಬೆಳೆಯುತ್ತಾರೆ ಎಂದು ನೀನು ಬರೆದಿದ್ದೆ. 1986ರ ನವೆಂಬರ್‌ನಲ್ಲಿ ಫರ್ಗುಸನ್ ಬಂದಾಗ ನಾವು ಕೆಳಗಿನಿಂದ ಎರಡನೆಯವರು, ಮೊದಲ ಟ್ರೋಫಿಗೆ 1990ರವರೆಗೆ, ಲೀಗ್‌ಗೆ 1993ರವರೆಗೆ ಕಾದೆವು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆದರೆ ಅವರು ಅಬರ್ಡೀನ್‌ನಲ್ಲಿ ಮೂರು ಸಲ ಸ್ಕಾಟಿಷ್ ಲೀಗ್ ಗೆದ್ದು, 1983ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಸೋಲಿಸಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಎತ್ತಿ ಬಂದವರು ಎಂಬುದನ್ನು ಮರೆಯುತ್ತಾರೆ. ಸಣ್ಣ ಕ್ಲಬ್ಬೊಂದನ್ನು ವರ್ಷಗಟ್ಟಲೆ ಕಟ್ಟಿ ತೋರಿಸಿದ ಮೇಲೆ ಅವರಿಗೆ ಸಮಯ ಸಿಕ್ಕಿತು. ಆ ಅಳತೆಗೋಲನ್ನು ಇವತ್ತಿನ ಪಟ್ಟಿಗೆ ಹಿಡಿದರೆ ರೂಡ್ ಅವರಿಗಿಂತ ಫ್ರಾಂಕ್ ಹತ್ತಿರ ನಿಲ್ಲುತ್ತಾರೆ, ಅಮೋರಿಮ್ ಕೂಡ ನಿಲ್ಲುತ್ತಾರೆ.

ನಿನ್ನ ಉತ್ತರದಲ್ಲಿ ರೂಡ್ ಹೊಡೆದ ಗೋಲುಗಳನ್ನು ಬಿಟ್ಟು ನನಗೆ ಇಷ್ಟು ಹೇಳು: ನೀನು ಆರಿಸುವ ಮ್ಯಾನೇಜರ್ ಈಗಿರುವ ಆಟಗಾರರಲ್ಲೇ ಎಡಬದಿಯಲ್ಲಿ ಯಾರನ್ನು ನಿಲ್ಲಿಸುತ್ತಾರೆ, ಕ್ಯಾಸೆಮಿರೊ ಪಕ್ಕದಲ್ಲಿ ಯಾರನ್ನು ಆಡಿಸುತ್ತಾರೆ, ಜನವರಿಯಲ್ಲಿ ಒಬ್ಬ ಆಟಗಾರನೂ ಬರದಿದ್ದರೆ ಗೋಲು ಹೊಡೆಯುವುದು ಯಾರು? ಈ ಮೂರಕ್ಕೆ ನೀನು ಒಪ್ಪಿಸುವಂಥ ಉತ್ತರ ಕೊಟ್ಟರೆ ನಾನು ನಿನ್ನ ಪಕ್ಷಕ್ಕೆ ಬರಲು ಸಿದ್ಧ. ಅಲ್ಲಿಯವರೆಗೆ ನನ್ನ ಓಟು ಫ್ರಾಂಕ್ ಅವರಿಗೇ.

ನಿನ್ನ ಗೆಳೆಯ